ಎಲೆ ಕಲಸಿದ್ದು ಯಾರು?

ಪೋಕರ್ ಮಾತೆತ್ತಿದರೆ ಸಾಕು, ಐದು ನಿಮಿಷದಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ: ಇದು ತಲೆಯ ಆಟವೋ, ಹಣೆಬರಹದ ಆಟವೋ? ಆಫೀಸ್ ಕ್ಯಾಂಟೀನಿನಲ್ಲೂ ಇದೇ ಪ್ರಶ್ನೆ, ಕೋರ್ಟಿನಲ್ಲೂ ಇದೇ. ತಮಾಷೆ ಅಂದ್ರೆ ನಮ್ಮ ಕಾನೂನಿನಲ್ಲಿ ಈ ಪ್ರಶ್ನೆಗೆ ಬೆಂಗಳೂರಿನ ನಂಟಿದೆ. ಇಲ್ಲಿ ಅಚ್ಚಾಗುತ್ತಿದ್ದ ಒಂದು ಪತ್ರಿಕೆಯ ಬಹುಮಾನದ ಪದಬಂಧ ಬೊಂಬಾಯಿ ರಾಜ್ಯದಲ್ಲಿ ಜನಪ್ರಿಯವಾಗಿ, ಅಲ್ಲಿನ ಸರ್ಕಾರ ತೆರಿಗೆ ಹಾಕಲು ಹೊರಟಿತು. ಅದೇ ಚಮರ್‌ಬಾಗ್‌ವಾಲಾ ಪ್ರಕರಣ. 1957ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗಿನಿಂದ ಕೌಶಲ ಹೆಚ್ಚೋ ಅದೃಷ್ಟ ಹೆಚ್ಚೋ ಅಂತ ತೂಗುತ್ತಲೇ ಇದ್ದೇವೆ. 1967ರಲ್ಲಿ ರಮ್ಮಿಯಲ್ಲಿ ಕೌಶಲವೇ ಹೆಚ್ಚು ಅಂತ ಅದೇ ಕೋರ್ಟು ಹೇಳಿತು.

ಒಳ್ಳೆಯ ಪ್ರಶ್ನೆಯೇ, ಇಲ್ಲ ಅನ್ನೋಲ್ಲ. ಆದರೆ ಆನ್‌ಲೈನ್ ಪೋಕರಿನ ಕಾಲು ಶತಮಾನದ ಕಥೆಯನ್ನು ಒಮ್ಮೆ ಜಾಲಾಡಿದರೆ, ಸಾವಿರಾರು ಜನ ಒಟ್ಟಿಗೆ ಮುಳುಗಿದ ಸಂದರ್ಭಗಳಲ್ಲಿ ಕೌಶಲಕ್ಕೂ ಅದೃಷ್ಟಕ್ಕೂ ಪಾತ್ರವೇ ಇರಲಿಲ್ಲ ಅನ್ನೋದು ಕಾಣುತ್ತೆ. ಅಲ್ಲಿದ್ದದ್ದು ಬೇರೆಯದೇ ಒಂದು ಪ್ರಶ್ನೆ.

ಯುಗಾದಿಯ ಮಾರನೇ ದಿನ ಅರಳಿಕಟ್ಟೆ ಮೇಲೆ ಮೂರೆಲೆ ಆಡುವವರನ್ನು ನೆನೆಸಿಕೊಳ್ಳಿ. ಎಲೆ ಕಲಸುವವನ ಕೈಮೇಲೇ ಎಲ್ಲರ ಕಣ್ಣು. ಕಲಸಿ ಆದಮೇಲೆ ಪಕ್ಕದವನು ಕಟ್ ಮಾಡಲೇಬೇಕು. ಬೆನ್ನ ಹಿಂದೆ ಬಂದು ನಿಂತು ಇಣುಕುವವನಿಗೆ ಬೈಗುಳ ಗ್ಯಾರಂಟಿ. ದುಡ್ಡು ಟವೆಲ್ ಮೇಲೆ, ಎಲ್ಲರ ಎದುರಿಗೇ ಬಿದ್ದಿರಬೇಕು. ಬಾಯಿಮಾತಿನ ಬಾಜಿ ನಡೆಯೋಲ್ಲ. ಈ ರೂಢಿಗಳನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಯಾರೂ ಮುರಿಯೋ ಹಾಗಿಲ್ಲ. ಆಟ ಕಂಪ್ಯೂಟರಿಗೆ ಹೋದಾಗ ಇವಷ್ಟೂ ಒಂದೇ ಏಟಿಗೆ ಮಾಯವಾದವು.

ಮಾಯವಾದ ದಿನಾಂಕವೂ ಗೊತ್ತಿದೆ. 1998ರ ಜನವರಿ 1. ಪ್ಲಾನೆಟ್ ಪೋಕರ್ ಎಂಬ ಸೈಟಿನಲ್ಲಿ ಅಂದು ನಿಜವಾದ ದುಡ್ಡಿನ ಮೊದಲ ಆಟ ನಡೆಯಿತು. ಡಯಲ್-ಅಪ್ ಮೋಡೆಮ್ ಕಿರುಚುತ್ತಿದ್ದ ಕಾಲ. ಆಟದ ನಡುವೆ ಲೈನ್ ಕಟ್ಟಾಗೋದು ಮಾಮೂಲು. ಆಟ ಟೆಕ್ಸಸ್ ಹೋಲ್ಡೆಮ್: ಪ್ರತಿಯೊಬ್ಬರ ಕೈಗೆ ಎರಡು ಗುಟ್ಟಿನ ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ತೆರೆದ ಎಲೆ, ಅವುಗಳಲ್ಲಿ ನಿಮ್ಮ ಅತ್ಯುತ್ತಮ ಐದು. ನಡುವಿನ ಎಲೆಗಳು ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು ಅಂತ ತೆರೆದುಕೊಳ್ಳುತ್ತವೆ. ಪ್ರತಿ ಹಂತದಲ್ಲೂ ಬಾಜಿ.

ಆಗ ಆಡುವವರ ಮೊದಲ ಅನುಮಾನವೇ ‘ಕಂಪ್ಯೂಟರ್ ಸರಿಯಾಗಿ ಕಲಸುತ್ತಾ?’ ಅನ್ನೋದು. ಆ ಅನುಮಾನ ನೀಗಿಸಲು ಪ್ಲಾನೆಟ್ ಪೋಕರ್ ತಾನು ಎಲೆ ಕಲಸುವ ಪ್ರೋಗ್ರಾಮನ್ನೇ ಸೈಟಿನಲ್ಲಿ ಪ್ರಕಟಿಸಿಬಿಟ್ಟಿತು. ನೋಡ್ಕೊಳ್ಳಿ, ಎಲ್ಲ ಪಾರದರ್ಶಕ ಅಂತ. 1999ರಲ್ಲಿ ಅಮೆರಿಕದ ರಿಲಯಬಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್ ಎಂಬ ಕಂಪನಿಯ ಕೆಲವು ಎಂಜಿನಿಯರುಗಳು ನಿಜಕ್ಕೂ ನೋಡಿದರು.

ಕೋಡ್ ಬರೆಯುವವರು ಈ ಭಾಗವನ್ನು ನಿಧಾನವಾಗಿ ಓದಿ, ನಿಮ್ಮ ಹಳೇ ಪಾಪಗಳು ನೆನಪಾಗಬಹುದು. ಮೊದಲನೆಯದಾಗಿ ಲೂಪಿನಲ್ಲಿ ಒಂದರ ಲೆಕ್ಕ ತಪ್ಪಿತ್ತು. 1ರಿಂದ 52ರವರೆಗೆ ಬರಬೇಕಿದ್ದ ಸಂಖ್ಯೆ 51ಕ್ಕೇ ನಿಲ್ಲುತ್ತಿತ್ತು, ಹಾಗಾಗಿ ಕಟ್ಟಿನ ಕೊನೆಯ ಎಲೆ ತನ್ನ ಜಾಗದಲ್ಲಿ ಉಳಿಯುವ ಸಾಧ್ಯತೆಯೇ ಇರಲಿಲ್ಲ. ಇದು ಚಿಲ್ಲರೆ ತಪ್ಪು. ದೊಡ್ಡದು ಬೇರೆ ಇತ್ತು. 52 ಎಲೆಗಳನ್ನು ಜೋಡಿಸಬಹುದಾದ ವಿಧಾನಗಳ ಸಂಖ್ಯೆ ಸುಮಾರು 8ರ ಮುಂದೆ 67 ಸೊನ್ನೆ. ಆದರೆ ಪ್ರೋಗ್ರಾಮ್ ಶುರುವಾಗುತ್ತಿದ್ದ ಬೀಜಸಂಖ್ಯೆ, ಅಂದರೆ ಸೀಡ್, ಬರೀ 32 ಬಿಟ್ಟಿನದು. ಅಲ್ಲಿಗೆ ಆ ಕಂಪ್ಯೂಟರ್ ಜನ್ಮದಲ್ಲಿ ಹಂಚಬಲ್ಲ ಕಟ್ಟುಗಳು ಹೆಚ್ಚೆಂದರೆ 429 ಕೋಟಿ ಚಿಲ್ಲರೆ. ಅದೂ ಹೋಗಲಿ, ಸೀಡ್ ತೆಗೆದುಕೊಳ್ಳುತ್ತಿದ್ದದ್ದು ಗಡಿಯಾರದಿಂದ: ಮಧ್ಯರಾತ್ರಿಯಿಂದ ಎಷ್ಟು ಮಿಲಿಸೆಕೆಂಡ್ ಕಳೆಯಿತು ಅನ್ನೋ ಲೆಕ್ಕ. ಒಂದು ದಿನಕ್ಕೆ ಇರೋದೇ 8 ಕೋಟಿ 64 ಲಕ್ಷ ಮಿಲಿಸೆಕೆಂಡ್. ಸರ್ವರಿನ ಗಡಿಯಾರಕ್ಕೆ ತಮ್ಮ ಗಡಿಯಾರವನ್ನು ಹೊಂದಿಸಿಕೊಂಡರೆ ಹುಡುಕಬೇಕಾದ ಕಟ್ಟುಗಳು ಸುಮಾರು ಎರಡು ಲಕ್ಷಕ್ಕೆ ಇಳಿದವು. ಆಮೇಲೇನು? ತಮ್ಮ ಕೈಯ ಎರಡು ಎಲೆ, ನಡುವಿನ ಮೊದಲ ಮೂರು ಎಲೆ, ಈ ಐದನ್ನು ಹೊಂದಿಸಿದರೆ ಇದು ಯಾವ ಕಟ್ಟು ಅನ್ನೋದು ಗೊತ್ತಾಗಿಬಿಡುತ್ತೆ. ಎದುರಾಳಿಗಳ ಗುಟ್ಟಿನ ಎಲೆಯೂ, ಇನ್ನೂ ತೆರೆಯದ ಎಲೆಯೂ. ಆ ಕಾಲದ ಸಾಮಾನ್ಯ ಪಿಸಿಯಲ್ಲೇ, ಆಟ ನಡೆಯುತ್ತಿರುವಾಗಲೇ.

ಅವರು ದುಡ್ಡು ಹೊಡೆಯಲಿಲ್ಲ. ಲೇಖನ ಬರೆದರು, ಸಾಫ್ಟ್‌ವೇರ್ ಬದಲಾಯಿತು. ನನಗೆ ಇದರಲ್ಲಿ ಕಾಡೋದು ಒಂದೇ: ಆ ಪ್ರೋಗ್ರಾಮ್ ಬರೆದವರಲ್ಲಿ ಮೋಸ ಇರಲಿಲ್ಲ. ಪ್ರಾಮಾಣಿಕವಾಗಿ, ಹೆಮ್ಮೆಯಿಂದ, ಎಲ್ಲರೆದುರು ತಪ್ಪಾಗಿ ಕಲಸುತ್ತಿದ್ದರು. ಅರಳಿಕಟ್ಟೆಯಲ್ಲಾದರೆ ಯಾರಾದರೂ ‘ಇನ್ನೊಂದು ಸಲ ಕಲಸೋ’ ಅಂತಿದ್ದರು.

ಆಮೇಲಿನ ಕೆಲವೇ ವರ್ಷಗಳಲ್ಲಿ ಪ್ಯಾರಡೈಸ್ ಪೋಕರ್, ಪಾರ್ಟಿಪೋಕರ್, ಪೋಕರ್‌ಸ್ಟಾರ್ಸ್ ಒಂದರ ಹಿಂದೊಂದು ಹುಟ್ಟಿದವು. ಪಾರ್ಟಿಪೋಕರಿನ ಸಾಫ್ಟ್‌ವೇರ್ ಹಿಂದೆ ಇದ್ದದ್ದು ದೆಹಲಿ ಐಐಟಿಯಲ್ಲಿ ಓದಿದ ಅನುರಾಗ್ ದೀಕ್ಷಿತ್. ಕಂಪನಿಯ ಕೆಲಸದ ದೊಡ್ಡ ಪಾಲು ನಡೆಯುತ್ತಿದ್ದದ್ದು ಹೈದರಾಬಾದಿನಲ್ಲಿ. ಟೆಕ್ಸಸ್ಸಿನ ಆಟಗಾರ ರಾತ್ರಿ ಗೋಳು ಹೇಳಿಕೊಂಡರೆ ಇಲ್ಲಿ ಹಗಲು ಯಾರೋ ಉತ್ತರ ಟೈಪ್ ಮಾಡುತ್ತಿದ್ದರು. 2005ರ ಜೂನಿನಲ್ಲಿ ಅದು ಲಂಡನ್ ಷೇರುಪೇಟೆ ಸೇರಿತು, ಕೆಲವೇ ತಿಂಗಳಲ್ಲಿ ಅಲ್ಲಿನ ಮೊದಲ ನೂರು ಕಂಪನಿಗಳ ಪಟ್ಟಿಗೂ ಬಂತು.

ಸೈಟು ಆರಿಸೋದು ಹೇಗೆ ಅಂತ ಆಗ ಜನ ಚರ್ಚಿಸುತ್ತಿದ್ದ ಸಂಗತಿಗಳು ನಾವು ಮೊಬೈಲ್ ಪ್ಲಾನ್ ಆರಿಸುವಾಗ ನೋಡುವಂಥವೇ. ಮೊದಲ ಡೆಪಾಸಿಟ್ಟಿಗೆ ಬೋನಸ್ ಎಷ್ಟು, ಪ್ರತಿ ಪಾಟಿನಿಂದ ಸೈಟು ಕತ್ತರಿಸಿಕೊಳ್ಳುವ ರೇಕ್ ಎಷ್ಟು, ಗೆದ್ದ ದುಡ್ಡು ಎಷ್ಟು ದಿನಕ್ಕೆ ಬರುತ್ತೆ, ಎದುರಾಳಿಗಳು ಎಷ್ಟು ದಡ್ಡರು. ಕೊನೆಯದೇ ಮುಖ್ಯ, ನಗಬೇಡಿ. ಪೋಕರಿನಲ್ಲಿ ನೀವು ಸೈಟಿನ ವಿರುದ್ಧ ಆಡೋಲ್ಲ, ಮೇಜಿನ ಇತರರ ವಿರುದ್ಧ ಆಡುತ್ತೀರಿ. ರೇಕ್ ಕಳೆದು ಉಳಿಯಬೇಕಾದರೆ ಸಾಧಾರಣ ಆಟಗಾರನಿಗಿಂತ ಸಾಕಷ್ಟು ಮೇಲಿರಬೇಕು. ಹೆಚ್ಚಿನವರು ಇರೋಲ್ಲ. ಇದು ಗಣಿತ.

ಎಲ್ಲರನ್ನೂ ಹುಚ್ಚೆಬ್ಬಿಸಿದ್ದು ಮಾತ್ರ 2003. ಟೆನ್ನೆಸ್ಸಿಯ 27 ವರ್ಷದ ಅಕೌಂಟೆಂಟ್ ಒಬ್ಬ, ಹೆಸರು ಕ್ರಿಸ್ ಮನಿಮೇಕರ್ (ನಿಜವಾದ ಹೆಸರೇ, ಸಿನಿಮಾದವರು ಇಟ್ಟಿದ್ದರೆ ಅತಿಯಾಯ್ತು ಅಂತಿದ್ದೆವು), ಪೋಕರ್‌ಸ್ಟಾರ್ಸ್‌ನಲ್ಲಿ 86 ಡಾಲರ್ ಕೊಟ್ಟು ಒಂದು ಸ್ಯಾಟಲೈಟ್ ಆಡಿದ. ಸ್ಯಾಟಲೈಟ್ ಅಂದರೆ ದೊಡ್ಡ ಟೂರ್ನಮೆಂಟಿನ ಸೀಟನ್ನೇ ಬಹುಮಾನವಾಗಿ ಕೊಡುವ ಸಣ್ಣ ಟೂರ್ನಮೆಂಟ್. ಹಾಗೆ ಮೆಟ್ಟಿಲು ಹತ್ತಿ 10,000 ಡಾಲರ್ ಪ್ರವೇಶ ಶುಲ್ಕದ ವರ್ಲ್ಡ್ ಸೀರೀಸ್ ಆಫ್ ಪೋಕರಿನ ಮುಖ್ಯ ಸ್ಪರ್ಧೆಗೆ ಲಾಸ್ ವೇಗಸ್‌ಗೆ ಹೋದ. 839 ಜನರಲ್ಲಿ ಮೊದಲನೆಯವನಾಗಿ 25 ಲಕ್ಷ ಡಾಲರ್ ಗೆದ್ದ. ಟಿವಿಯಲ್ಲಿ ಆಟಗಾರರ ಗುಟ್ಟಿನ ಎಲೆ ತೋರಿಸುವ ಕ್ಯಾಮೆರಾ ಆಗಷ್ಟೇ ಬಂದಿತ್ತು, ಹಾಗಾಗಿ ಇಡೀ ಅಮೆರಿಕ ಅವನ ಕೈಯೊಳಗೆ ಇಣುಕುತ್ತಾ ಕೂತಿತ್ತು.

ಅವನ ಆಟದ ಎರಡು ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಕೊನೆಯ ಹತ್ತು ಜನ ಉಳಿದಾಗ ಎದುರಿಗಿದ್ದವನು ಫಿಲ್ ಐವಿ. ಮನಿಮೇಕರನ ಕೈಯಲ್ಲಿ ಎಕ್ಕ-ರಾಣಿ, ಐವಿಯ ಕೈಯಲ್ಲಿ ಎರಡು ಒಂಬತ್ತು. ನಡುವೆ ಬಿದ್ದದ್ದು ಎರಡು ರಾಣಿ, ಒಂದು ಆರು. ನಾಲ್ಕನೇ ಎಲೆ ಒಂಬತ್ತು! ಐವಿಗೆ ಫುಲ್ ಹೌಸ್. ಈಗ ಉಳಿದ 44 ಎಲೆಗಳಲ್ಲಿ ಮನಿಮೇಕರನನ್ನು ಕಾಪಾಡೋದು ಏಳೇ: ಮೂರು ಎಕ್ಕ, ಮೂರು ಆರು, ಒಂದು ರಾಣಿ. ನೂರಕ್ಕೆ ಹದಿನಾರರ ಲೆಕ್ಕ. ಕೊನೆಯ ಎಲೆ ಎಕ್ಕ ಬಂತು, ಐವಿ ಹೊರಗೆ. ಇದು ಶುದ್ಧ ಅದೃಷ್ಟ. ಆಮೇಲೆ ಕೊನೆಯ ಇಬ್ಬರಾಗಿ ಉಳಿದಾಗ ಸ್ಯಾಮ್ ಫರ್ಹಾ ಕೈಯಲ್ಲಿ ಒಂಬತ್ತರ ಜೋಡಿ, ಮನಿಮೇಕರನ ಕೈಯಲ್ಲಿ ಬರೀ ರಾಜ. ಬರಬೇಕಿದ್ದ ಎಲೆ ಯಾವುದೂ ಬಂದಿಲ್ಲ. ಅವನು ಮುಖ ಕದಲಿಸದೆ ಇದ್ದದ್ದಷ್ಟನ್ನೂ ಮುಂದೆ ತಳ್ಳಿದ. ಫರ್ಹಾ ಯೋಚಿಸಿ ಯೋಚಿಸಿ ಕೊನೆಗೆ ಗೆಲ್ಲುವ ಎಲೆಯನ್ನೇ ಬಿಸಾಕಿದ. ಇದಕ್ಕೆ ಅದೃಷ್ಟ ಅನ್ನೋಕಾಗೋಲ್ಲ.

ಟೂರ್ನಮೆಂಟಿನ ಸ್ವರೂಪವೇ ಹಾಗೆ, ಎರಡನ್ನೂ ಹಿಗ್ಗಿಸುತ್ತೆ. ಕಡ್ಡಾಯವಾಗಿ ಕಟ್ಟಬೇಕಾದ ಬ್ಲೈಂಡ್ ಇಂತಿಷ್ಟು ಹೊತ್ತಿಗೆ ಏರುತ್ತಲೇ ಹೋಗುವುದರಿಂದ ಒಳ್ಳೆ ಎಲೆಗೆ ಕಾಯುತ್ತಾ ಕೂತವನು ಕೂತಲ್ಲೇ ಕರಗುತ್ತಾನೆ. ಕೈಯಲ್ಲಿ ಹತ್ತು ಬಿಗ್ ಬ್ಲೈಂಡ್‌ನಷ್ಟು ಚಿಪ್ಸ್ ಉಳಿದಾಗ ಸಣ್ಣಪುಟ್ಟ ಬಾಜಿಗೆ ಅರ್ಥವಿಲ್ಲ. ಎಲ್ಲ ತಳ್ಳು, ಇಲ್ಲಾ ಬಿಡು. ಬಹುಮಾನದ ಸಾಲಿಗೆ ಇನ್ನೊಬ್ಬಿಬ್ಬರು ಹೊರಬಿದ್ದರೆ ಸಾಕು ಅನ್ನೋ ಘಟ್ಟದಲ್ಲಿ ಎಲ್ಲರೂ ಉಸಿರು ಬಿಗಿಹಿಡಿದಿರುತ್ತಾರೆ, ರಾಶಿ ಚಿಪ್ಸ್ ಇರುವವನು ಅದೇ ಹೊತ್ತಿಗೆ ಕಾದು ಎಲ್ಲರ ಮೇಲೂ ಎರಗುತ್ತಾನೆ. ಇದೆಲ್ಲ ಕಲಿಯಬಹುದಾದ ವಿದ್ಯೆ. ಆದರೆ ಎರಡು ಎಕ್ಕ ಹಿಡಿದವನೂ ಚಿಕ್ಕ ಜೋಡಿಯ ಎದುರು ಗೆಲ್ಲೋದು ನೂರಕ್ಕೆ ಎಂಬತ್ತು ಸಲ. ಅಂಥ ಭರ್ಜರಿ ಸ್ಥಿತಿಯಲ್ಲೇ ಹತ್ತು ಸಲ ಪ್ರಾಣ ಪಣಕ್ಕಿಟ್ಟರೆ ಹತ್ತೂ ಸಲ ಬದುಕುವ ಸಾಧ್ಯತೆ ನೂರಕ್ಕೆ ಹನ್ನೊಂದರಷ್ಟೂ ಇಲ್ಲ.

ಈ ಲೆಕ್ಕ ಯಾರಿಗೆ ಬೇಕು? ಅಕೌಂಟೆಂಟ್ ಗೆದ್ದನಲ್ಲ, ನಾನೂ ಗೆಲ್ತೀನಿ ಅಂತ ಎಲ್ಲರೂ ಲಾಗಿನ್ ಆದರು. ಅದೇ ಮುಖ್ಯ ಸ್ಪರ್ಧೆಗೆ 2004ರಲ್ಲಿ 2,576 ಜನ, 2006ರಲ್ಲಿ 8,773 ಜನ ಬಂದರು.

ಹೀಗೆ ಬಂದವರಲ್ಲಿ ಒಂದು ಹೊಸ ತಳಿ ಇತ್ತು. ಒಂದೇ ಹೊತ್ತಿಗೆ ನಾಲ್ಕೆಂಟು ಮೇಜಿನಲ್ಲಿ ಆಡುವವರು, ಆಡಿದ ಪ್ರತಿ ಕೈಯನ್ನೂ ಡೇಟಾಬೇಸಿನಲ್ಲಿ ಇಟ್ಟುಕೊಳ್ಳುವವರು. ಎದುರಾಳಿ ನೂರರಲ್ಲಿ ಎಷ್ಟು ಕೈ ಆಡುತ್ತಾನೆ, ಎಷ್ಟು ಸಲ ಬಾಜಿ ಏರಿಸುತ್ತಾನೆ, ಎಲ್ಲಕ್ಕೂ ಅಂಕಿ. ಮುಂದೆ ಕಳ್ಳರನ್ನು ಹಿಡಿದದ್ದು ಇವರೇ.

2007ರ ಸೆಪ್ಟೆಂಬರಿನಲ್ಲಿ ಅಬ್ಸಲ್ಯೂಟ್ ಪೋಕರ್ ಸೈಟಿನ 1,000 ಡಾಲರ್ ಶುಲ್ಕದ ಟೂರ್ನಮೆಂಟೊಂದನ್ನು ‘ಪಾಟ್‌ರಿಪ್ಪರ್’ ಎಂಬ ಖಾತೆ ಗೆದ್ದಿತು. ಗೆದ್ದ ರೀತಿ ವಿಚಿತ್ರ. ಎದುರಾಳಿ ಬ್ಲಫ್ ಮಾಡಿದಾಗಲೆಲ್ಲ ಏನೇನೂ ಇಲ್ಲದ ಎಲೆ ಹಿಡಿದೇ ಧೈರ್ಯವಾಗಿ ಎದುರಿಸುತ್ತಿತ್ತು, ಎದುರಾಳಿಯ ಕೈ ಬಲವಾಗಿದ್ದಾಗ ತೆಪ್ಪಗೆ ಬಿಟ್ಟುಬಿಡುತ್ತಿತ್ತು. ಎರಡನೇ ಸ್ಥಾನದವನಿಗೆ ಅನುಮಾನ ಬಂದು ತನ್ನ ಆಟದ ದಾಖಲೆ ಕೇಳಿದ. ಅವನ ಕೈಯ ವಿವರ ಮಾತ್ರ ಬರಬೇಕಿತ್ತು. ಬಂದ ಫೈಲಿನಲ್ಲಿ ಎಲ್ಲ ಆಟಗಾರರ ಗುಟ್ಟಿನ ಎಲೆಗಳೂ, ಮೇಜಿನ ಪಕ್ಕ ಕೂತು ನೋಡುತ್ತಿದ್ದವರ ಐಪಿ ವಿಳಾಸಗಳೂ ಇದ್ದವು. ಆಟಗಾರರೇ ಕೂತು ಅದನ್ನು ಬಿಡಿಸಿದರು. ಒಂದು ಖಾತೆ ಆಡದೆ ಬರೀ ನೋಡುತ್ತಾ ಕೂತಿತ್ತು, ಮತ್ತು ಜಾಡು ಹಿಡಿದರೆ ಅದು ಕಂಪನಿಯ ಅಂಗಳಕ್ಕೇ ಹೋಗುತ್ತಿತ್ತು. ಬೆನ್ನ ಹಿಂದೆ ನಿಂತು ಇಣುಕುವವನು! ಕಂಪನಿ ಮೊದಲು ಇಲ್ಲವೇ ಇಲ್ಲ ಅಂದಿತು, ಅಕ್ಟೋಬರಿನಲ್ಲಿ ಒಪ್ಪಿಕೊಂಡಿತು.

ಅದರ ಸೋದರ ಸೈಟು ಅಲ್ಟಿಮೇಟ್‌ಬೆಟ್ಟಿನ ಕಥೆ ಇನ್ನೂ ದೊಡ್ಡದು. ಅಲ್ಲಿ ಕೆಲವು ಖಾತೆಗಳ ಗೆಲುವಿನ ವೇಗವನ್ನು ಆಟಗಾರರು ಸಾವಿರಾರು ಇತರರ ಜೊತೆ ಗ್ರಾಫಿನಲ್ಲಿ ಇಟ್ಟು ನೋಡಿದರು. ಎಲ್ಲರೂ ಒಂದು ಮೋಡದಂತೆ ಗುಂಪಾಗಿದ್ದರೆ, ಇವು ದೂರದ ಮೂಲೆಯಲ್ಲಿ ಒಂಟಿ ಚುಕ್ಕೆ. ಎಂಥ ಅದೃಷ್ಟವೂ ತಲುಪದ ಜಾಗ ಅದು. 2008ರಲ್ಲಿ ಕೆನಡಾದ ಕಾನವಾಕೆ ಗೇಮಿಂಗ್ ಕಮಿಷನ್ನು ಈ ಮೋಸಕ್ಕೆ ಮುಖ್ಯ ಹೊಣೆಗಾರ ಎಂದು ಹೆಸರಿಸಿದ್ದು ರಸ್ ಹ್ಯಾಮಿಲ್ಟನ್ನನನ್ನು. ಅವನು ಯಾರೋ ಬೀದಿ ಕಳ್ಳನಲ್ಲ, 1994ರ ವಿಶ್ವ ಚಾಂಪಿಯನ್. ಆ ವರ್ಷ ಬಹುಮಾನದ ಜೊತೆ ಅವನ ತೂಕದಷ್ಟು ಬೆಳ್ಳಿಯನ್ನೂ ತೂಗಿ ಕೊಟ್ಟಿದ್ದರು. ಮೋಸ 2004ರಿಂದ 2008ರ ಜನವರಿಯವರೆಗೆ ನಡೆದಿತ್ತು. ಅಷ್ಟೂ ದಿನ ಸೈಟಿಗೆ ಲೈಸೆನ್ಸ್ ಇತ್ತು, ಅನ್ನೋದನ್ನು ಮರೆಯಬೇಡಿ.

ಇನ್ನು ಟವೆಲ್ ಮೇಲಿನ ದುಡ್ಡು. 2006ರ ಅಕ್ಟೋಬರ್ 13ರಂದು ಅಮೆರಿಕದ ಅಧ್ಯಕ್ಷ ಬುಷ್ ಬಂದರುಗಳ ಭದ್ರತೆಯ ಮಸೂದೆಯೊಂದಕ್ಕೆ ಸಹಿ ಹಾಕಿದರು. ಅದರ ಬಾಲಕ್ಕೆ ಆನ್‌ಲೈನ್ ಜೂಜಿನ ಕಾಯ್ದೆಯೊಂದನ್ನು ಕಟ್ಟಿದ್ದರು. ಬಂದರಿಗೂ ಪೋಕರಿಗೂ ಏನು ಸಂಬಂಧ ಅಂತ ಕೇಳಬೇಡಿ, ರಾಜಕೀಯ ಎಲ್ಲ ಕಡೆ ಒಂದೇ. ಆ ಕಾಯ್ದೆ ಆಡುವವನನ್ನು ಮುಟ್ಟಲಿಲ್ಲ, ದುಡ್ಡು ಸಾಗಿಸುವ ದಾರಿಯನ್ನು ಮುಚ್ಚಿತು. ಷೇರುಪೇಟೆಯಲ್ಲಿದ್ದ ಪಾರ್ಟಿಪೋಕರ್ ಕೂಡಲೇ ಅಮೆರಿಕ ಬಿಟ್ಟಿತು. ದೀಕ್ಷಿತ್ 2008ರಲ್ಲಿ ಅಮೆರಿಕದ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು 30 ಕೋಟಿ ಡಾಲರ್ ಬಿಟ್ಟುಕೊಡಲು ಒಪ್ಪಿದರು. ಆಟಗಾರರು ಮಾತ್ರ ಮನೆಗೆ ಹೋಗಲಿಲ್ಲ. ಬಿಡದೆ ಉಳಿದ ಪೋಕರ್‌ಸ್ಟಾರ್ಸ್, ಫುಲ್ ಟಿಲ್ಟ್, ಅಬ್ಸಲ್ಯೂಟ್ ಸೈಟುಗಳಿಗೆ ಹೋದರು. ಮೋಸ ಬಯಲಾದ ಸೈಟಿಗೂ ಹೋದರು, ಏನಂತೀರಿ?

ಉಳಿದವರು ಬ್ಯಾಂಕುಗಳ ಕಣ್ಣು ತಪ್ಪಿಸಬೇಕಿತ್ತು. ಗಾಲ್ಫ್ ಚೆಂಡು, ಒಡವೆ ಮಾರುವ ಸುಳ್ಳು ಅಂಗಡಿಗಳ ಹೆಸರಿನಲ್ಲಿ ಪೋಕರ್ ದುಡ್ಡು ಓಡಾಡಿತು ಅನ್ನೋದು 2011ರ ಏಪ್ರಿಲ್ 15ರಂದು ಬಯಲಿಗೆ ಬಂದ ಆರೋಪಪಟ್ಟಿಯಲ್ಲಿದೆ. ಪೋಕರ್ ಲೋಕ ಅದನ್ನು ಬ್ಲ್ಯಾಕ್ ಫ್ರೈಡೇ ಅಂತ ಕರೆಯುತ್ತೆ. ಹನ್ನೊಂದು ಜನರ ಮೇಲೆ ಮೊಕದ್ದಮೆ. ಸೈಟು ತೆರೆದರೆ ಮೇಜಿನ ಬದಲು ಸರ್ಕಾರದ ಮುಟ್ಟುಗೋಲು ನೋಟೀಸು.

ಪೋಕರ್‌ಸ್ಟಾರ್ಸ್ ಅಮೆರಿಕದ ಆಟಗಾರರ ದುಡ್ಡನ್ನು ಬೇಗನೇ ವಾಪಸ್ ಕೊಟ್ಟಿತು, ಯಾಕಂದ್ರೆ ಅದನ್ನು ಬೇರೆಯಾಗಿ ಇಟ್ಟಿತ್ತು. ಫುಲ್ ಟಿಲ್ಟ್ ಕೊಡಲಿಲ್ಲ, ಯಾಕಂದ್ರೆ ಇರಲಿಲ್ಲ. ಅದು ಹೆಸರಾಂತ ವೃತ್ತಿಪರರ ಮುಖಗಳನ್ನೇ ಜಾಹೀರಾತಿಗೆ ಬಳಸುತ್ತಿದ್ದ ಸೈಟು, ನಿರ್ದೇಶಕರಲ್ಲಿ ವಿಶ್ವ ಚಾಂಪಿಯನ್ ಒಬ್ಬರಿದ್ದರು. ಅಮೆರಿಕದ ನ್ಯಾಯ ಇಲಾಖೆಯ ಪ್ರಕಾರ 2011ರ ಮಾರ್ಚ್ ಕೊನೆಗೆ ಆಟಗಾರರಿಗೆ ಕೊಡಬೇಕಿದ್ದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು ಸುಮಾರು 6 ಕೋಟಿ. ಅದಕ್ಕೂ ಮೊದಲಿನ ನಾಲ್ಕು ವರ್ಷಗಳಲ್ಲಿ ಮಾಲೀಕರು, ನಿರ್ದೇಶಕರು ಹಂಚಿಕೊಂಡದ್ದು 44 ಕೋಟಿಗೂ ಹೆಚ್ಚು. ಇನ್ನೊಂದು ವಿಚಿತ್ರ: ಬ್ಯಾಂಕಿನ ದಾರಿ ಮುಚ್ಚಿದ್ದರಿಂದ ಆಟಗಾರರ ಖಾತೆಯಿಂದ ದುಡ್ಡು ಎಳೆಯಲಾಗದಿದ್ದರೂ, ‘ಡೆಪಾಸಿಟ್ ಆಯ್ತು’ ಅಂತ ತೋರಿಸಿ ಆಡಲು ಬಿಟ್ಟಿದ್ದರು. ಹಾಗೆ ಹುಟ್ಟಿದ ಇಲ್ಲದ ಡಾಲರುಗಳು ಮೇಜಿನ ಮೇಲೆ ಕೈಯಿಂದ ಕೈಗೆ ಹೋದವು. ತಿಂಗಳುಗಟ್ಟಲೆ ನಿದ್ದೆಗೆಟ್ಟು, ಲೆಕ್ಕ ಹಾಕಿ, ಸರಿಯಾಗಿ ಆಡಿ ಗೆದ್ದವನು ಗೆದ್ದದ್ದು ಪರದೆಯ ಮೇಲಿನ ಒಂದು ಅಂಕಿ. ಧರ್ಮರಾಯನೂ ಒಬ್ಬನ ಪರವಾಗಿ ಇನ್ನೊಬ್ಬ ದಾಳ ಹಾಕೋದು ಸರಿಯಲ್ಲ ಅಂತ ಗೊಣಗಿದ್ದ, ಆಮೇಲೆ ಆಡಲು ಕೂತ. ನಾವಂತೂ ಗೊಣಗದೆಯೇ ‘ಐ ಅಗ್ರೀ’ ಒತ್ತುತ್ತೇವೆ.

2012ರಲ್ಲಿ ಪೋಕರ್‌ಸ್ಟಾರ್ಸ್ 73.1 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು ಫುಲ್ ಟಿಲ್ಟನ್ನೂ ತೆಗೆದುಕೊಂಡಿತು. ಅಮೆರಿಕದ ಆಟಗಾರರಿಗೆ ದುಡ್ಡು ಬರತೊಡಗಿದ್ದು 2014ರ ಫೆಬ್ರವರಿಯಲ್ಲಿ.

ನಮ್ಮ ಕಡೆ ನೋಡಿದರೆ, ನಾವು ಇಷ್ಟೂ ಕಾಲ ಮೊದಲಿನ ಪ್ರಶ್ನೆಯನ್ನೇ ಉಜ್ಜುತ್ತಿದ್ದೆವು. ಪೋಕರಿನಲ್ಲಿ ಕೌಶಲವಿದೆ ಅನ್ನೋ ವಾದವನ್ನು ಕರ್ನಾಟಕ ಹೈಕೋರ್ಟು 2013ರಲ್ಲಿ ಮನ್ನಿಸಿತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು; 2022ರ ಫೆಬ್ರವರಿ 14ರಂದು ಅದೇ ಹೈಕೋರ್ಟು ಆ ಅಂಶಗಳನ್ನು ರದ್ದು ಮಾಡಿತು. ಈ ವಾದ-ಪ್ರತಿವಾದದಲ್ಲಿ ಕೌಶಲದ ಮಾತು ಪುಟಗಟ್ಟಲೆ ಬಂತು. ನನ್ನ ವ್ಯಾಲೆಟ್ಟಿನ ದುಡ್ಡು ಕಂಪನಿಯ ಸಂಬಳದ ಖಾತೆಯಲ್ಲಿದೆಯೋ ಬೇರೆ ಖಾತೆಯಲ್ಲಿದೆಯೋ, ಎಲೆ ಕಲಸುವ ಪ್ರೋಗ್ರಾಮನ್ನು ಹೊರಗಿನವರು ಯಾರು ನೋಡಿದ್ದಾರೆ, ಕಂಪನಿಯೊಳಗೆ ಯಾರಿಗೆ ಎಲೆಗಳು ಕಾಣುತ್ತವೆ ಅಂತ ಕ್ಯಾಂಟೀನಿನಲ್ಲಿ ಕೇಳಿದವರನ್ನು ನಾನು ಕಂಡಿಲ್ಲ. ಬೋನಸ್ ಎಷ್ಟು ಅಂತ ಮಾತ್ರ ಎಲ್ಲರಿಗೂ ಗೊತ್ತಿತ್ತು.

2025ರ ಆಗಸ್ಟಿನಲ್ಲಿ ಸಂಸತ್ತು ಎರಡೇ ದಿನದಲ್ಲಿ ಹೊಸ ಕಾಯ್ದೆ ಪಾಸು ಮಾಡಿತು, 22ನೇ ತಾರೀಖು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಕೌಶಲವೋ ಅದೃಷ್ಟವೋ ಅನ್ನೋ ಭೇದವನ್ನೇ ಅದು ಎತ್ತಿಹಾಕಿದೆ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ಯಾವುದೇ ಇರಲಿ, ನಡೆಸೋ ಹಾಗಿಲ್ಲ. ಆಟದ ಚಟ, ಸಾಲ, ಆತ್ಮಹತ್ಯೆಗಳನ್ನು ಸರ್ಕಾರ ಕಾರಣವಾಗಿ ಕೊಟ್ಟಿತು, ಅದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಆಡುವವನಿಗೆ ಶಿಕ್ಷೆಯಿಲ್ಲ; ನಡೆಸುವವರಿಗೆ, ಜಾಹೀರಾತು ಕೊಡುವವರಿಗೆ, ದುಡ್ಡು ಸಾಗಿಸುವವರಿಗೆ ಇದೆ. ಬ್ಯಾಂಕುಗಳ ದಾರಿ ಮುಚ್ಚುವ ಈ ಭಾಗ ಓದುವಾಗ 2006ರ ಅಮೆರಿಕ ನೆನಪಾಗದೇ ಇರೋಲ್ಲ. ಅಲ್ಲಿ ಲೆಕ್ಕ ಒಪ್ಪಿಸುವ ಕಂಪನಿ ಮೊದಲು ಹೊರಟಿತು, ಗಾಲ್ಫ್ ಚೆಂಡಿನವರು ಆಮೇಲೆ ಬಂದರು. ವಿದೇಶದಲ್ಲೆಲ್ಲೋ ಸರ್ವರ್ ಇಟ್ಟು ‘ಇಂಡಿಯಾದವರೂ ಆಡಬಹುದು’ ಅನ್ನೋ ಸೈಟು ಇವತ್ತು ಯಾರಿಗಾದರೂ ಸಿಕ್ಕರೆ, ಅದನ್ನು ಆರಿಸುವ ಮುಂಚೆ ಈ ದಿನಾಂಕಗಳನ್ನು ಒಮ್ಮೆ ನೋಡಲಿ: ಅಬ್ಸಲ್ಯೂಟ್ ಪೋಕರಿನಲ್ಲಿ ಅಮೆರಿಕದ ಆಟಗಾರರ ದುಡ್ಡು ಸಿಕ್ಕಿಹಾಕಿಕೊಂಡದ್ದು 2011ರ ಏಪ್ರಿಲಿನಲ್ಲಿ. ಅದು ವಾಪಸ್ ಬಂದದ್ದು 2017ರಲ್ಲಿ, ಅದೂ ಕಂಪನಿಯ ಗಂಟಿನಿಂದಲ್ಲ, ಸರ್ಕಾರ ಮುಟ್ಟುಗೋಲು ಹಾಕಿಕೊಂಡಿದ್ದ ದುಡ್ಡಿನಿಂದ.